ಕೀಲಿಕೈ ಯಾರ ಕಿಸೆಯಲ್ಲಿ?

ಮನೆಯ ಹಿರಿಯರ ಕಾಲು ಹೋದರೆ ಆ ಮನೆಯ ಪಾಡು ಏನಾಗುತ್ತದೆ ಎಂಬುದು ಕಂಡವರಿಗೇ ಗೊತ್ತು. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು, ಬಿಸಿಲಿಗೆ ಒಯ್ಯಬೇಕು, ನೆರಳಿಗೆ ತರಬೇಕು. ಮನೆ ನೆಲಕ್ಕೆ ಹತ್ತಿಕೊಂಡಿದ್ದರೆ ಹೇಗೋ ನಡೆಯುತ್ತದೆ. ಮಾಳಿಗೆಯ ಮೇಲೆ ಮಾಳಿಗೆ ಇದ್ದರೆ?

ಗೋಕಾಕದ ಬೆಲ್ಲದ ವ್ಯಾಪಾರಿ ಮಾಲಿಂಗಪ್ಪ ಸಾವಕಾರರ ಮನೆ ಅಂಥದ್ದು. ಪೇಟೆಯ ನಡುವೆ ಇಕ್ಕಟ್ಟಿನ ಜಾಗ. ಅಗಲಕ್ಕೆ ಹೋಗಲಾಗದೆ ಎತ್ತರಕ್ಕೆ ಹೋದ ಮನೆ. ಮುಂದೆ ಅಂಗಡಿ, ಹಿಂದೆ ಅಡಿಗೆಮನೆ ಮತ್ತು ದೇವರ ಖೋಲಿ, ಮೇಲೆ ಎರಡು ಮಾಳಿಗೆ. ಸಾವಕಾರರ ತಾಯಿ ಗುಡ್ಡವ್ವ ಮಲಗುವುದು ಎಲ್ಲಕ್ಕೂ ಮೇಲಿನ ಮಾಳಿಗೆಯಲ್ಲಿ. ಆ ಅಜ್ಜಿಗೆ ಲಕ್ವ ಹೊಡೆದು ಎರಡೂ ಕಾಲು ಬಿದ್ದುಹೋದವು. ಬೆಲ್ಲ ಹೊರುವ ಹಮಾಲರೇ ಆಕೆಯನ್ನು ಕುರ್ಚಿಯ ಸಮೇತ ಇಳಿಸುತ್ತಿದ್ದರು, ಏರಿಸುತ್ತಿದ್ದರು.

"ಎಲೋ ಮಾಲಿಂಗಾ, ನಾ ಏನ್ ಬೆಲ್ಲದ ಪೆಂಟಿ ಏನೋ, ಹೆಗಲ ಮ್ಯಾಲ ಹೊತ್ತ ತಿರಗಸಾಕ?" ಎಂದು ಅಜ್ಜಿ ನಗುತ್ತಿದ್ದಳು. ನಕ್ಕ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅದನ್ನು ನೋಡಲಾರದೆ ಸಾವಕಾರರು ಮುಂಬಯಿಯಿಂದ ಲಿಫ್ಟು ತರಿಸಿದರು. ಕುರ್ಚಿಯೊಂದಿಗೆ ಒಬ್ಬರು ಕೂರುವಷ್ಟು ಚಿಕ್ಕ ಕಟ್ಟಿಗೆಯ ಖೋಲಿ, ಕಬ್ಬಿಣದ ಜಾಲರಿ ಬಾಗಿಲು, ಒತ್ತಲು ಗುಂಡಿ. ಅಜ್ಜಿಯ ಕಾಲು ಹೋಗಿದ್ದವು, ಕೈ ಗಟ್ಟಿ ಇದ್ದವು. ತಾನೇ ಬಾಗಿಲು ಎಳೆದುಕೊಂಡು, ತಾನೇ ಗುಂಡಿ ಒತ್ತಿ, ಬೇಕೆಂದಾಗ ಇಳಿದು ಬರತೊಡಗಿದಳು. ಊರ ಮಂದಿ ನೋಡಲು ಬಂದರು. ಕೆಲವರು ಕೈ ಮುಗಿದರು, ಕೆಲವರು ದೂರದಿಂದಲೇ ನೋಡಿ ಹೋದರು.

ಅಂದು ಈ ಕಡೆ ಲಿಫ್ಟಿನ ಕೆಲಸ ಬಲ್ಲವನು ಒಬ್ಬನೇ, ಸತ್ತೆಪ್ಪ. ಹುಟ್ಟಿದ್ದು ಮಸಗುಪ್ಪಿಯ ಊರ ಹೊರಗಿನ ಕೇರಿಯಲ್ಲಿ. ಹರೆಯದಲ್ಲಿ ಮುಂಬಯಿಗೆ ಹೋಗಿ ದೊಡ್ಡ ದೊಡ್ಡ ಚಾಳುಗಳ, ಬಂಗಲೆಗಳ ಲಿಫ್ಟು ಒರೆಸಿ, ಎಣ್ಣೆ ಹಾಕಿ, ಬಿಚ್ಚಿ ಜೋಡಿಸಿ ಕೆಲಸ ಕಲಿತವನು. ತಂದೆ ತೀರಿಕೊಂಡ ಮೇಲೆ ತಿರುಗಿ ಬಂದು ಹೆಂಡತಿ ಉದ್ದವ್ವನೊಂದಿಗೆ ಕೊಣ್ಣೂರಿನಲ್ಲಿ ನೆಲೆ ನಿಂತಿದ್ದ. ಸೈಕಲ್ಲಿಗೆ ನಟ್ಟು ತಿರುವುವ ಪಾನಗಳ ಚೀಲ ಕಟ್ಟಿಕೊಂಡು ಒಂದು ದಿನ ಹುಕ್ಕೇರಿಯ ವಕೀಲರ ಮನೆ, ಇನ್ನೊಂದು ದಿನ ಯಮಕನಮರಡಿಯ ಅಡತಿ ಅಂಗಡಿಯ ಸಾಮಾನು ಎತ್ತುವ ಲಿಫ್ಟು, ತಿಂಗಳಿಗೊಮ್ಮೆ ಗೋಕಾಕದ ಸಾವಕಾರರ ಮನೆ.

ಲಿಫ್ಟಿನ ಕೆಲಸ ಎಂದರೆ ಮೇಲಿನ ಮೋಟಾರು, ಹಗ್ಗ ಅಷ್ಟೇ ಅಲ್ಲ. ಲಿಫ್ಟು ಬಂದು ನಿಲ್ಲುವ ಜಾಗದ ತಳದಲ್ಲಿ ಸೊಂಟದಷ್ಟು ಆಳದ ಒಂದು ಗುಂಡಿ ಇರುತ್ತದೆ. ಅದರಲ್ಲಿ ಕಸ ಬೀಳುತ್ತದೆ, ನೀರು ಜಿನುಗುತ್ತದೆ, ಅಲ್ಲಿನ ದೊಡ್ಡ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಆ ಗುಂಡಿಗೆ ಮನುಷ್ಯ ಇಳಿಯಲೇಬೇಕು. ಇಳಿದವನ ತಲೆಯ ಮೇಲೆ ಆ ಲಿಫ್ಟು ತೂಗುತ್ತಿರುತ್ತದೆ. ಅದಕ್ಕೇ ಇಳಿಯುವ ಮೊದಲು ಮೇನ್ ಸ್ವಿಚ್ಚು ಕೆಳಗೆ ಮಾಡಿ ಕರೆಂಟು ತೆಗೆಯಬೇಕು.

ಇಲ್ಲೊಂದು ಮಾತು ಹೇಳಬೇಕು. ಸಾವಕಾರರ ಮನೆಯ ಮೇನ್ ಸ್ವಿಚ್ಚು ಇದ್ದದ್ದು ದೇವರ ಖೋಲಿಯ ಬಾಗಿಲ ಪಕ್ಕದ ಗೋಡೆಗೆ. ಇಡೀ ಮನೆಗೂ, ಲಿಫ್ಟಿಗೂ ಅದೊಂದೇ. ಸತ್ತೆಪ್ಪ ಬರುತ್ತಿದ್ದದ್ದು ಹಿತ್ತಲ ಬಾಗಿಲಿನಿಂದ. ಅಲ್ಲಿಂದ ಲಿಫ್ಟಿನವರೆಗೆ ಅವನ ದಾರಿ. ದೇವರ ಖೋಲಿಯ ಕಡೆ ಅವನು ಕಾಲಿಟ್ಟವನಲ್ಲ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ಹೀಗಾಗಿ ಅವನು ಲಿಫ್ಟಿನ ಬಳಿಯೇ ನಿಂತು ಸಾವಕಾರರ ಹೆಂಡತಿ ಯಲ್ಲಕ್ಕನನ್ನು ಕೂಗುತ್ತಿದ್ದ.

"ಅಕ್ಕಾರ, ಸ್ವಿಚ್ ಕೆಳಗ ಮಾಡ್ರೀ!"

"ಮಾಡೇನಿ ನೋಡಪಾ!"

"ನಾ ಹೇಳೂ ಮಟಾ ಮುಟ್ಟಬ್ಯಾಡ್ರಿ ಮತ್ತ!"

"ಇಲ್ಲಪಾ, ಇಲ್ಲ!"

ಇಷ್ಟೇ ಭದ್ರತೆ. ಸತ್ತೆಪ್ಪನ ಜೀವ ಈ ಎರಡು ಮಾತಿನ ಮೇಲೆ ನಿಂತಿತ್ತು.

ಅದೊಂದು ಶುಕ್ರವಾರ. ಕೆಲಸ ತಡವಾಗಿ ಶುರುವಾಗಿತ್ತು. ಲಿಫ್ಟು ಮೇಲಿನ ಮಾಳಿಗೆಯಲ್ಲಿ ನಿಂತಿತ್ತು. ಸತ್ತೆಪ್ಪ ಕೂಗಿ ಹೇಳಿ ಕರೆಂಟು ತೆಗೆಸಿ ಗುಂಡಿಗೆ ಇಳಿದ. ತಳದಲ್ಲಿ ನಿಂತ ನೀರು ಬಳಿದ, ಸ್ಪ್ರಿಂಗು ತಿಕ್ಕಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು ಅರಿವೆಯಿಂದ ಒರೆಸುವ ಕೆಲಸ. ಅದಕ್ಕೆ ಸಪ್ಪಳವಿಲ್ಲ.

ಹೊತ್ತು ಮುಳುಗುತ್ತಿತ್ತು. ಯಲ್ಲಕ್ಕ ಮುಖ ತೊಳೆದುಕೊಂಡು, ಕುಂಕುಮ ಹಚ್ಚಿಕೊಂಡು ಬಂದಳು. ಲಿಫ್ಟಿನ ಬಾಗಿಲು ತೆರೆದೇ ಇತ್ತು. ಅಂಬೆಗಾಲಿಕ್ಕುವ ಆಕೆಯ ಕೂಸು ಅದರ ಕಡೆಗೇ ಹೋಗುತ್ತಿತ್ತು. "ಅಯ್ಯ ನನ್ನ ಬಾಳೇ, ಬಾಗಲಾ ತಗದ ಹೋಗ್ಯಾನಲ್ಲ ಈ ಸತ್ತೆಪ್ಪ! ಚಾ ಕುಡಿಯಾಕ ಹೋಗಿರಬೇಕ" ಎಂದುಕೊಂಡು ಕೂಸನ್ನು ಎತ್ತಿಕೊಂಡಳು, ಜಾಲರಿ ಬಾಗಿಲನ್ನು ಎಳೆದು ಮುಚ್ಚಿದಳು. ತಾಯಿಯಾದವಳು ಮಾಡುವ ಕೆಲಸ. ಅದರಲ್ಲಿ ತಪ್ಪೇನಿದೆ?

ಒಳಗೆ ಬಂದರೆ ಮನೆಯೆಲ್ಲ ಕತ್ತಲು. ಶುಕ್ರವಾರ, ದೀಪ ಹಚ್ಚುವ ಹೊತ್ತು, ಲಕ್ಷ್ಮಿ ಬರುವ ಹೊತ್ತು. ಆಕೆಯ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿಗೆ ಹೋಯಿತು. ಮೇಲಕ್ಕೆ ಎತ್ತಿದಳು. ಬಲ್ಬು ಬೆಳಗಿತು. ನಾವು ನೀವೆಲ್ಲ ಸಂಜೆ ಲೈಟು ಹಾಕಿದಾಗ ಮಾಡುವಂತೆ ಆಕೆಯೂ ಬಲ್ಬಿಗೆ ಎರಡೂ ಕೈ ಜೋಡಿಸಿದಳು. ಗೃಹಿಣಿಯಾದವಳು ಮಾಡುವ ಕೆಲಸ. ಅದರಲ್ಲೂ ತಪ್ಪಿಲ್ಲ.

ಮೇಲೆ ಗುಡ್ಡವ್ವ ಬೆಳಕು ಬಂದದ್ದು ನೋಡಿದಳು. ದಿನಾ ಈ ಹೊತ್ತಿಗೆ ಆಕೆ ಕೆಳಗೆ ಬಂದು ದೇವರ ದೀಪ ನೋಡುತ್ತಿದ್ದಳು. ಕುರ್ಚಿ ಉರುಳಿಸಿಕೊಂಡು ಲಿಫ್ಟಿನೊಳಗೆ ಬಂದಳು, ಬಾಗಿಲು ಎಳೆದುಕೊಂಡಳು, ಗುಂಡಿ ಒತ್ತಿದಳು.

ಕೆಳಗಿನ ಬಾಗಿಲು ಮುಚ್ಚಿದಾಗ ಕೂಸಿಗಾಗಿ ಮುಚ್ಚಿರಬೇಕೆಂದು ಒರೆಸುತ್ತಲೇ ಇದ್ದ ಸತ್ತೆಪ್ಪ, ಮೇಲಿನ ಬಾಗಿಲು ಎಳೆದ ಸಪ್ಪಳಕ್ಕೆ ತಲೆಯೆತ್ತಿ ಏನೆಂದು ಕೇಳುವಷ್ಟರಲ್ಲಿ ತಲೆಯ ಮೇಲೆ ಮೋಟಾರು ಗುಂಯ್ ಎಂದಿತು. ಆ ಸಪ್ಪಳವನ್ನು ಅವನು ಸಾವಿರ ಸಲ ಕೇಳಿದ್ದ, ಆದರೆ ಕೆಳಗಿನಿಂದ ಒಮ್ಮೆಯೂ ಕೇಳಿರಲಿಲ್ಲ. ಹಗ್ಗಗಳು ನಡುಗಿದವು. ಮೇಲೆ ಜಾಲರಿ ಬಾಗಿಲಿನಿಂದ ಬೀಳುವ ಬೆಳಕಿನ ಒಂದು ಚೌಕ ಇತ್ತು, ಅದು ಸಣ್ಣದಾಗತೊಡಗಿತು.

"ಅಕ್ಕಾರ! ಸ್ವಿಚ್! ಸ್ವಿಚ್ ತಗೀರೀ!"

ಕರೆಂಟು ಬಂದದ್ದೇ ತಡ ಮನೆಯ ರೇಡಿಯೋ ಬಿಸಿಯಾಗಿ ಹಾಡತೊಡಗಿತ್ತು. ಅವನ ದನಿ ಯಾರಿಗೂ ಕೇಳಲಿಲ್ಲ. ಬಾಗಿಲ ಕೊಂಡಿಗೆ ಕೈ ಚಾಚಿದ, ಕೈ ಎಣ್ಣೆಯಿಂದ ಜಾರಿತು. ಮತ್ತೆ ಚಾಚಲು ಹೊತ್ತಿರಲಿಲ್ಲ. ಸತ್ತೆಪ್ಪ ಬೋರಲು ಬಿದ್ದ. ಕೆನ್ನೆಯನ್ನು ಹಸಿ ನೆಲಕ್ಕೆ ಒತ್ತಿದ, ಉಸಿರೆಲ್ಲ ಹೊರಗೆ ಬಿಟ್ಟ. ಮೈಯನ್ನು ಎಷ್ಟು ತೆಳ್ಳಗೆ ಮಾಡಬಹುದೋ ಅಷ್ಟು ಮಾಡಿದ. ಲಿಫ್ಟಿನ ತಳಕ್ಕೆ ಜೋತ ಕಬ್ಬಿಣದ ಚೌಕಟ್ಟು ಬಂದು ಅವನ ಅಂಗಿಯನ್ನು ಮುಟ್ಟಿತು. ಬೆನ್ನನ್ನು ಸವರಿತು. ನಿಂತಿತು.

ಮೇಲೆ ಬಾಗಿಲು ಸರಿದ ಸಪ್ಪಳ. "ಯಲ್ಲವ್ವಾ, ದೀಪಾ ಹಚ್ಚಿದೇನ?" ಎಂದ ಅಜ್ಜಿಯ ದನಿ. ಅವನು ಕೈಗೆ ಸಿಕ್ಕ ಪಾನದಿಂದ ಲಿಫ್ಟಿನ ತಳಕ್ಕೆ ಕುಟ್ಟಿದ. ಯಾರೂ ಬರಲಿಲ್ಲ. ಆ ಕತ್ತಲಲ್ಲಿ, ಕಬ್ಬಿಣವನ್ನು ಬೆನ್ನ ಮೇಲೆ ಹೊತ್ತು, ಯಾರಾದರೂ ಮತ್ತೆ ಮೇಲಿನಿಂದ ಗುಂಡಿ ಒತ್ತಲಿ ಎಂದು ಅವನು ಕಾದ. ಎಷ್ಟು ಹೊತ್ತು ಎಂದು ಅವನಿಗೂ ತಿಳಿಯದು. ಕಡೆಗೊಮ್ಮೆ ಯಾರೋ ಒತ್ತಿದರು. ಲಿಫ್ಟು ಏರಿತು. ಸತ್ತೆಪ್ಪ ಒಳಗಿನಿಂದ ಕೊಂಡಿ ಬಿಚ್ಚಿ ಹೊರಗೆ ಬಂದ.

ಅಡಿಗೆಮನೆಯಿಂದ ಇಣುಕಿದ ಯಲ್ಲಕ್ಕ, "ಅಯ್ಯ, ಚಾ ಕುಡಿದ ಬಂದೇನಪಾ? ನಾನ ಕೊಡತಿದ್ನೆಲ್ಲೋ" ಎಂದಳು.

"ಹೂಂ ರೀ ಅಕ್ಕಾರ. ಕೆಲಸ ಮುಗೀತ್ರಿ, ಬರ್ತೇನ್ರಿ" ಎಂದ ಸತ್ತೆಪ್ಪ. ಅಷ್ಟೇ ಹೇಳಿದ. ಸೈಕಲ್ ಏರಲಿಲ್ಲ. ಕೊಣ್ಣೂರಿನವರೆಗೆ ತಳ್ಳಿಕೊಂಡೇ ಹೋದ.

ಮರುದಿನ ಬೆಳಿಗ್ಗೆ ಉದ್ದವ್ವ ಹೊಳೆಯ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದಳು. ಸತ್ತೆಪ್ಪನೂ ಬಂದು ಕಲ್ಲಿನ ಮೇಲೆ ಕೂತಿದ್ದ. ಎಂದೂ ಬಾರದವನು ಯಾಕೆ ಬಂದ ಎಂದು ಆಕೆಗೆ ಅನುಮಾನ. ರಾತ್ರಿ ಉಂಡಿರಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದಿದ್ದ. ಆಕೆ ಅವನ ಅಂಗಿಯನ್ನು ಬಿಡಿಸಿದಳು.

"ಏನ್ರಿ ಇದ?"

"ಏನ?"

"ಎಣ್ಣಿ ಕಲಿ ನಿಮ್ಮ ಎದಿ ಮ್ಯಾಲ ಆಗತೈತಿ, ತೋಳಿಗೆ ಆಗತೈತಿ. ಬೆನ್ನಿಗೆ ಎಂದೂ ಆಗಿಲ್ಲ. ಇಲ್ಲಿ ನೋಡ್ರಿ, ಬರಿ ಎಳದಂಗ ಐತಿ."

ಸತ್ತೆಪ್ಪ ಹೊಳೆಯನ್ನು ನೋಡುತ್ತ ಕೂತ. ಉದ್ದವ್ವ ಅರಿವೆ ಅಲ್ಲೇ ಬಿಟ್ಟು ಅವನ ಮುಂದೆ ಬಂದು ಕೂತಳು.

"ಹೇಳ್ರಿ."

ಹೇಳಿದ. ಹೇಳುತ್ತ ಹೇಳುತ್ತ ಹಲ್ಲು ಕಟಕಟ ಎನ್ನತೊಡಗಿದವು, ಬಿಸಿಲಲ್ಲಿ ಕೂತಿದ್ದರೂ.

"ಅವರಿಗೆ ಹೇಳೀರಿಲ್ಲೋ?"

"ಏನಂತ ಹೇಳಲೇ? ಅಕ್ಕಾರ, ನೀವ ನನ್ನ ಕೊಲ್ಲತಿದ್ರಿ ಅಂತ ಹೇಳ್ಲಾ? ಆಕಿ ಪಾಪ, ದೀಪಾ ಹಚ್ಯಾಳ."

"ಮುಂದಿನ ತಿಂಗಳ ಮತ್ತ ಇಳೀತೀರಲ್ಲ ಆ ಗುಂಡಿಗೆ?"

"ಇಳಿಯಾಕ ಬೇಕಲ್ಲ."

"ಆಗೇನ ಮಾಡ್ತೀರಿ?"

"ಇನ್ನಷ್ಟ ಜೋರಾಗಿ ಕೂಗತೇನಿ."

ಉದ್ದವ್ವನಿಗೆ ಸಿಟ್ಟು ಬಂತು. ಅಂಜಿಕೆಯ ಸಿಟ್ಟು ಅದು. ಆಕೆ ಕೆಲಸಕ್ಕೆ ಹೋಗುತ್ತಿದ್ದದ್ದು ಹತ್ತಿ ಹಿಂಜುವ ಜಿನ್ನಿಗೆ. ಅಲ್ಲಿ ಎಣ್ಣೆಯ ಎಂಜಿನ್ನು. ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿದರೆ ಮಾತ್ರ ಅದು ಶುರುವಾಗುತ್ತಿತ್ತು.

"ನಮ್ಮ ಜಿನ್ನಿನ್ಯಾಗ ರೋಲರಿಗೆ ಹತ್ತಿ ಸಿಕ್ಕರ ಎಂಜಿನ್ ನಡಸೂ ಅಲ್ಲಪ್ಪ ಕಾಕಾ ಏನ್ ಮಾಡತಾನ ಗೊತ್ತೇನ್ರಿ? ಎಂಜಿನ್ ನಿಂದ್ರಸತಾನ. ಹ್ಯಾಂಡಲ್ ಕಿತ್ತ ತನ್ನ ಸೊಂಟಕ್ಕ ಸಿಗಸ್ಕೋತಾನ. ಆಮ್ಯಾಲ ರೋಲರಿಗೆ ಕೈ ಹಾಕತಾನ. ಯಾರಿಗೂ ಕೂಗಂಗಿಲ್ಲ, ಯಾರಿಗೂ ಹೇಳಂಗಿಲ್ಲ. ಹ್ಯಾಂಡಲ್ ಅವನ ಸೊಂಟದಾಗ ಐತಿ, ಎಂಜಿನ್ ಯಾವ ಮಗಾ ಚಾಲೂ ಮಾಡತಾನ?"

"ಲಿಫ್ಟಿಗೆ ಹ್ಯಾಂಡಲ್ ಎಲ್ಲೈತಿ? ಸ್ವಿಚ್ ಐತಿ, ಗೋಡಿಗೆ."

"ಸ್ವಿಚ್ಚಿಗೆ ಕೀಲಿ ಹಾಕ್ರಿ. ಕೀಲಿಕೈ ಕಿಸೆದಾಗ ಇಟ್ಕೊಂಡ ಇಳೀರಿ."

ಸತ್ತೆಪ್ಪ ಬೆಚ್ಚಿಬಿದ್ದ. ನಿನ್ನೆ ಗುಂಡಿಯಲ್ಲಿ ಬೆಚ್ಚಿದ್ದಕ್ಕಿಂತ ಕಡಿಮೆಯೇನಲ್ಲ.

"ತಲಿ ನೆಟ್ಟಗೈತಿಲ್ಲೋ ನಿನಗ? ಸಾವ್ಕಾರ್ರ ಮನಿಗೆ ಹೋಗಿ, ಅವರ ಸ್ವಿಚ್ಚಿಗೆ, ಅವರು ಒಳಗ ಇದ್ದಾಗ ನಾ ಕೀಲಿ ಹಾಕ್ಲಾ? ನಿಮ್ಮನ್ನ ನಂಬಾಂಗಿಲ್ಲ ಅಂತ ಮಾರಿ ಮ್ಯಾಲ ಹೊಡದಂಗ. ಅದೂ ದೇವ್ರ ಖೋಲಿ ಬಾಜೂಕ! ನಾ ಅಲ್ಲಿಗೆ ಹೋಗೂದ ಹ್ಯಾಂಗ? ನಾಳಿಂದ ಬರಬ್ಯಾಡ ಅಂದ್ರ?"

"ಬರಬ್ಯಾಡ ಅಂದ್ರ ಕೂಲಿಗೆ ಹೋಗೂಣು. ಗುಂಡಿಯಾಗ ಸತ್ರ ಯಾ ಕೂಲಿಗೆ ಹೋಗಲಿ?"

ಅಷ್ಟೆಂದು ಉದ್ದವ್ವ ಅಂಗಿಯನ್ನು ಕಲ್ಲಿಗೆ ಬಡಿಯತೊಡಗಿದಳು. ಮನೆಗೆ ಹೋದ ಮೇಲೆ ತಮ್ಮ ಬಾಗಿಲಿಗೆ ಹಾಕುವ ಕೀಲಿಯನ್ನೇ, ಕೀಲಿಕೈ ಸಮೇತ ತಂದು ಅವನ ಮುಂದೆ ಇಟ್ಟಳು.

"ಮನಿಗೆ?" ಎಂದ ಸತ್ತೆಪ್ಪ.

"ನಮ್ಮ ಮನ್ಯಾಗ ಕದಿಯಾಕ ಏನೈತ್ರಿ? ಇರೂದ ನೀವೊಬ್ರು."

ಗೋಕಾಕ ಪೇಟೆಯಲ್ಲಿ ಇಸ್ಮಾಯಿಲ ಎಂಬವನು ಕೀಲಿ ರಿಪೇರಿ ಮಾಡುತ್ತಿದ್ದ, ಸತ್ತೆಪ್ಪನ ಗೆಳೆಯ. ಸ್ವಿಚ್ಚಿನ ಹಿಡಿಕೆ ಮೇಲೇಳದಂತೆ ಅದಕ್ಕೆ ಕೂಡುವ ಒಂದು ಕಬ್ಬಿಣದ ಪಟ್ಟಿ, ಪಟ್ಟಿಗೆ ಕೀಲಿ ಹಾಕಲು ತೂತು, ಇಷ್ಟು ಮಾಡಿಕೊಡಬೇಕಿತ್ತು. ಇಸ್ಮಾಯಿಲ ಕಣ್ಣರಳಿಸಿ ನಕ್ಕ.

"ಏ ಸತ್ತೆಪ್ಪಾ, ಸಾವ್ಕಾರ್ರ ಮನಿಗೆ ಹೋಗಿ ಕೀಲಿ ತಗಿಯಾವ್ರನ್ನ ಪೊಲೀಸರು ಹಿಡಿತಾರ. ಕೀಲಿ ಹಾಕಾಂವನ್ನ ಹಿಡದ್ರ ಏನ್ ಕೇಸ್ ಮಾಡತಾರೋ ಮಾರಾಯಾ?"

ಸತ್ತೆಪ್ಪ ನಗಲಿಲ್ಲ. ಇಸ್ಮಾಯಿಲ ಅವನ ಮುಖ ನೋಡಿ ತಾನೂ ನಗು ನಿಲ್ಲಿಸಿದ. ಪಟ್ಟಿಯನ್ನು ಚೆನ್ನಾಗಿ ಅರ ಹಾಕಿ ನುಣುಪು ಮಾಡಿ ಕೊಟ್ಟ. "ಕೇಳೂದಕ್ಕ ಅಂಜಬ್ಯಾಡ ಭಾಯಿ. ಆ ಗುಂಡಿಯಾಗ ಅಂಜೂದಕ್ಕಿಂತ ಇದ ಸಸ್ತಾ" ಎಂದ.

ಮುಂದಿನ ತಿಂಗಳು ಬಂತು. ಸಾವಕಾರರ ಮನೆಯ ದಿನ ಹತ್ತಿರವಾದಂತೆ ಸತ್ತೆಪ್ಪ ನಿದ್ದೆಯಲ್ಲಿ ಬೋರಲು ತಿರುಗುತ್ತಿದ್ದ, ಕೆನ್ನೆಯನ್ನು ಹಾಸಿಗೆಗೆ ಒತ್ತುತ್ತಿದ್ದ. ಅದನ್ನು ಕಂಡ ಉದ್ದವ್ವ ಆ ದಿನ ಜಿನ್ನಿಗೆ ರಜೆ ಹೇಳಿ ಅವನ ಜೊತೆಗೇ ಹೊರಟಳು.

ಹಿತ್ತಲಲ್ಲಿ ಗುಡ್ಡವ್ವ ಕುರ್ಚಿಯಲ್ಲಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಯಲ್ಲಕ್ಕ ಕಾಳು ಆರಿಸುತ್ತಿದ್ದಳು. ಸಾವಕಾರರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದರು. ಸತ್ತೆಪ್ಪ ಚೀಲ ಹಿಡಿದುಕೊಂಡು ಉದ್ದವ್ವನ ಕಡೆ ನೋಡಿದ.

"ಆಯಿ, ನಮ್ಮವರು ಒಂದ ಮಾತ ಕೇಳಬೇಕಂತಾರ್ರಿ. ಕೇಳಾಕ ಅಂಜತಾರ್ರಿ" ಎಂದಳು ಉದ್ದವ್ವ.

"ಅಂಜಾಕ ಇಲ್ಲೇನ ಹುಲಿ ಕುಂತಾವೇನವ್ವಾ?" ಎಂದಳು ಅಜ್ಜಿ. "ಹುಲಿ ಇದ್ರೂ ಕಾಲಿಲ್ಲದ ಹುಲಿ. ಕೇಳೋ ತಮ್ಮಾ."

ಸತ್ತೆಪ್ಪ ಚೀಲದಿಂದ ಕೀಲಿ, ಪಟ್ಟಿ ತೆಗೆದು ತೋರಿಸಿದ. "ನಾ ಗುಂಡಿಗೆ ಇಳದಾಗ ಮೇನ್ ಸ್ವಿಚ್ಚಿಗೆ ಇದನ್ನ ಹಾಕಬೇಕ್ರಿ ಸಾವ್ಕಾರ್ರ."

ಸಾವಕಾರರ ಹುಬ್ಬು ಗಂಟಿಕ್ಕಿತು. "ನನ್ನ ಮನ್ಯಾಗ ನಾ ಇದ್ದಾಗ ನೀ ಕೀಲಿ ಹಾಕತೀ? ಯಾಕಪಾ, ನಾವೇನ ಕಳ್ಳರಾ? ಮುಟ್ಟಬ್ಯಾಡ್ರಿ ಅಂದ್ರ ಮುಟ್ಟಾಂಗಿಲ್ಲ. ಇಷ್ಟ ದಿನಾ ಯಾರರ ಮುಟ್ಟ್ಯಾರೇನು?"

ಸತ್ತೆಪ್ಪ ತಲೆ ತಗ್ಗಿಸಿದ. ಉದ್ದವ್ವ ಸೆರಗು ಬಿಗಿ ಮಾಡಿಕೊಂಡಳು.

"ಮುಟ್ಯಾರ್ರಿ" ಎಂದಳು. "ಯಾರದೂ ತಪ್ಪಿಲ್ರಿ. ಖರೆ, ಮುಟ್ಯಾರ್ರಿ."

ಆಕೆ ಎಲ್ಲವನ್ನೂ ಹೇಳಿದಳು. ಶುಕ್ರವಾರದ ಕತ್ತಲು, ಮುಚ್ಚಿದ ಬಾಗಿಲು, ರೇಡಿಯೋದ ಹಾಡು, ಬೆನ್ನು ಸವರಿದ ಕಬ್ಬಿಣ. ಯಲ್ಲಕ್ಕನ ಕೈಯ ಮೊರ ನೆಲಕ್ಕೆ ಬಿತ್ತು, ಕಾಳೆಲ್ಲ ಹರಡಿದವು. "ಚಾ ಕುಡದ ಬಂದೇನ ಅಂತ ಕೇಳಿದ್ನೆಲ್ಲೋ ನಿನ್ನ... ಯಪ್ಪಾ ಶಿವನ..." ಎಂದಳು.

ಗುಡ್ಡವ್ವ ಕುರ್ಚಿಯನ್ನು ಸತ್ತೆಪ್ಪನ ಹತ್ತಿರಕ್ಕೆ ಉರುಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅವತ್ತ ನನ್ನ ಕಾಲ ಕೆಳಗ ತಳದಿಂದ ಏನೋ ಕುಟ್ಟಿದ ಸಪ್ಪಳಾತು. ಹೆಗ್ಗಣಾ ಇರಬೇಕ ಅಂದ್ಕೊಂಡ್ನಿ. ನೀ ಏನೋ ತಮ್ಮಾ?"

"ಹೌದ್ರಿ ಆಯಿ."

ಅಜ್ಜಿ ತನ್ನ ಬಲಗೈ ಬೆರಳನ್ನು ಎತ್ತಿ ನೋಡಿಕೊಂಡಳು. ಬೇರೆ ಯಾರದೋ ಬೆರಳು ನೋಡುವಂತೆ ನೋಡಿದಳು. "ಈ ಬೆರಳಲೇ ಒತ್ತಿದ್ನೋ" ಎಂದಳು.

ಸಾವಕಾರರು ಕೆಟ್ಟವರಲ್ಲ. "ಆತು, ಆತು. ಕೀಲಿ ಹಾಕೂಣು" ಎಂದರು. "ಆದ್ರ ನಾನ ಹಾಕತೇನಿ, ಕೀಲಿಕೈ ನನ್ನ ಹತ್ರ ಇರಲಿ. ನೀ ಏನ ಅಲ್ಲಿ ಮಟಾ... ಅಂದ್ರ, ದೇವ್ರ ಖೋಲಿ... ತಿಳೀತಿಲ್ಲೋ?"

ತಿಳಿಯಿತು. ಎಲ್ಲರಿಗೂ ತಿಳಿಯಿತು. ಸತ್ತೆಪ್ಪ ಹೂಂ ಎನ್ನುವುದರಲ್ಲಿದ್ದ. ಉದ್ದವ್ವ ತಡೆದಳು.

"ನಮ್ಮ ಜಿನ್ನಿನ್ಯಾಗ ರೋಲರಿಗೆ ಕೈ ಹಾಕಾಂವನ ಸೊಂಟದಾಗ ಹ್ಯಾಂಡಲ್ ಇರತೈತ್ರಿ ಸಾವ್ಕಾರ್ರ. ಮಾಲಕರ ಸೊಂಟದಾಗ ಅಲ್ರಿ."

"ಯಾಕ, ಮಾಲಕನ ಮ್ಯಾಲ ನಂಬಿಗಿ ಇಲ್ಲೇನು?"

"ಮಾಲಕರ ಮ್ಯಾಲ ಐತ್ರಿ. ಅವರ ಮರವಿನ ಮ್ಯಾಲ ಇಲ್ರಿ. ನನಗೂ ಮರವು ಐತಿ, ಅಕ್ಕಾರಿಗೂ ಐತಿ. ಗುಂಡಿಯಾಗ ಇದ್ದಾವಂಗ ಮಾತ್ರ ತಾ ಗುಂಡಿಯಾಗ ಇದ್ದೇನಿ ಅನ್ನೂದ ಮರಿಯಾಂಗಿಲ್ರಿ."

ಅಷ್ಟರಲ್ಲಿ ಗುಡ್ಡವ್ವನ ದನಿ ಬಂತು.

"ಮಾಲಿಂಗಾ, ದಿನಾ ನಾ ಜೋತಾಡೂದು ಇವ ಕಟ್ಟಿದ ಹಗ್ಗಕ್ಕ. ಆ ಹಗ್ಗ ಮುಟ್ಟೂಮುಂದ ಇಲ್ಲದ ಮೈಲಿಗಿ ಗೋಡಿ ಮುಟ್ಟಿದ್ರ ಎಲ್ಲಿಂದ ಬರತೈತೋ? ಇವನ ಕೈಲೆ ಕೀಲಿ ಬೀಳಲಿಲ್ಲಾ ಅಂದ್ರ ನಾ ಇನ್ನ ಅದರಾಗ ಕೂಡಾಂಗಿಲ್ಲ. ಹಮಾಲರನ್ನ ಕರಸು, ಹೊರಸು. ನನ್ನ ಬುಡಕ ಒಬ್ಬ ಮನಿಷಾನ್ನ ಹಾಕ್ಕೊಂಡ ಇಳದ ಪಾಪಾ ನನಗ ಬ್ಯಾಡಪಾ."

ಸಾವಕಾರರು ಹೆಂಡತಿಯ ಕಡೆ ನೋಡಿದರು. "ಸಂಜಿ ಆದ್ರ ಮನಿ ಕತ್ತಲ ಆಗತೈತಲ್ಲ, ದೀಪಾ ಹಚ್ಚೂ ಹೊತ್ತಿನ್ಯಾಗ?"

ಯಲ್ಲಕ್ಕ ಕಣ್ಣೊರೆಸಿಕೊಂಡಳು. "ಎಣ್ಣಿ ದೀಪಾ ಹಚ್ಚತೇನಿ. ಈ ಕರೆಂಟ್ ಬರೂಕಿಂತ ಮೊದಲೂ ಲಕ್ಷ್ಮಿ ನಮ್ಮ ಮನಿಗೆ ಬರತಿದ್ಲಿಲ್ಲೋ? ಬಾರಪಾ ಸತ್ತೆಪ್ಪಾ, ಬಾ."

ಆ ದಿನ ಸತ್ತೆಪ್ಪ ಲಿಫ್ಟನ್ನು ಮೇಲಿನ ಮಾಳಿಗೆಗೆ ಕಳಿಸಿ, ಮೊದಲ ಸಲ ಆ ಜಾಗ ದಾಟಿ ಒಳಗೆ ನಡೆದ. ದೇವರ ಖೋಲಿಯ ಪಕ್ಕದ ಗೋಡೆಯ ಮುಂದೆ ನಿಂತ. ತಾನೇ ಸ್ವಿಚ್ಚು ಕೆಳಗೆ ಮಾಡಿದ, ಪಟ್ಟಿ ಕೂರಿಸಿದ, ಕೀಲಿ ಹಾಕಿದ. ಜಗ್ಗಿ ನೋಡಿದ. ಕೀಲಿಕೈಯನ್ನು ಅಂಗಿಯ ಒಳಗಿನ ಕಿಸೆಗೆ ಇಳಿಸಿದ. ಲಿಫ್ಟಿನ ಗುಂಡಿ ಒತ್ತಿ, ಅದು ಕದಲುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ತೆರೆದ ಬಾಗಿಲಿಗೆ ಒಂದು ಹಲಗೆ ಅಡ್ಡ ಇಟ್ಟು, ಕೂಸು ಬಾರದಂತೆ ಉದ್ದವ್ವನನ್ನು ಅಲ್ಲಿ ಕೂರಿಸಿ, ಗುಂಡಿಗೆ ಇಳಿದ.

ಇಳಿದ ಕೂಡಲೇ ಅಂಜಿಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತಲೆಯ ಮೇಲೆ ಅದೇ ಲಿಫ್ಟು, ಅದೇ ಬೆಳಕಿನ ಚೌಕ. ಕೈ ಒರೆಸುತ್ತಿತ್ತು, ಕಿವಿ ಮೇಲೆಯೇ ಇತ್ತು. ಬೆನ್ನು ತಾನಾಗಿಯೇ ಬಾಗುತ್ತಿತ್ತು. ನಡುನಡುವೆ ಕಿಸೆ ಮುಟ್ಟಿಕೊಳ್ಳುತ್ತಿದ್ದ.

ಇಳಿಹೊತ್ತಾಯಿತು. ಯಲ್ಲಕ್ಕ ಎಣ್ಣೆ ದೀಪ ಹಚ್ಚಿ, ಚಹಾಕ್ಕೆ ಒಲೆ ಹೂಡಲು ಹೋದಳು. ಕೂಸು ಅತ್ತಿತೆಂದು ಉದ್ದವ್ವ ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮನೆ ಸುಮ್ಮನಾಯಿತು.

ಆಗ ಸತ್ತೆಪ್ಪನಿಗೆ ಹೆಜ್ಜೆಯ ಸಪ್ಪಳ ಕೇಳಿಸಿತು. ಅವಸರದ ಹೆಜ್ಜೆ. ಅಂಗಡಿಯ ಕಡೆಯಿಂದ ಒಳಗೆ ಬಂತು. ರೇಡಿಯೋದ ಗುಂಡಿ ತಿರುವಿದ ಸಪ್ಪಳ. "ಥೋ, ಬೆಲ್ಲದ ಧಾರಣಿ ಹೇಳೂ ಹೊತ್ತಾತು, ಇದಕ್ಕ ಕರೆಂಟ..." ಎಂದ ಗೊಣಗು. ಹೆಜ್ಜೆ ದೇವರ ಖೋಲಿಯ ಕಡೆ ತಿರುಗಿತು.

ಸತ್ತೆಪ್ಪ ಕಿಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೂಗಬೇಕೆಂದ, ದನಿ ಹೊರಡಲಿಲ್ಲ. ಮೈ ತಾನಾಗಿಯೇ ನೆಲಕ್ಕೆ ಕುಸಿಯಿತು.

ಖಟ್.

ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸಪ್ಪಳ. ಮತ್ತೊಮ್ಮೆ, ಇನ್ನೂ ಜೋರಾಗಿ, ಖಟ್. ಮೋಟಾರು ಗುಂಯ್ ಎನ್ನಲಿಲ್ಲ. ಹಗ್ಗ ನಡುಗಲಿಲ್ಲ. ಬೆಳಕಿನ ಚೌಕ ಇದ್ದಷ್ಟೇ ಇತ್ತು.



ಹೆಜ್ಜೆಗಳು ಈಗ ಮೆಲ್ಲಗೆ ಲಿಫ್ಟಿನ ಕಡೆಗೆ ಬಂದವು. ಹಲಗೆಯ ಮೇಲೆ ಸಾವಕಾರರ ಮುಖ ಕಂಡಿತು. ಮುಖಕ್ಕೆ ಬಣ್ಣವಿರಲಿಲ್ಲ.

"ಸತ್ತೆಪ್ಪಾ... ಒಳಗ ಇದ್ದೀಯೇನೋ?"

"ಇದ್ದೇನ್ರಿ ಸಾವ್ಕಾರ್ರ."

ಸಾವಕಾರರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಪಂಚೆಗೆ ಧೂಳು ಹತ್ತುವುದನ್ನೂ ನೋಡಲಿಲ್ಲ.

"ಮಧ್ಯಾಹ್ನ ಒಪ್ಪಿದಾಂವ ನಾನ. ಕೀಲಿ ಹಾಕೂಣು ಅಂದಾಂವ ನಾನ. ಅಂಗಡ್ಯಾಗ ನಾಕ ಮಂದಿ ಜೋಡಿ ಮಾತಾಡೂದ್ರಾಗ ನೀ ಇದ್ದದ್ದ ಮರತೋತು. ನನ್ನ ಕೈನ ಹೋತೋ ಸತ್ತೆಪ್ಪಾ. ಎರಡ ಸಲ ಎತ್ತಿದ್ನೋ." ಹಲಗೆಯ ಮೇಲೆ ಬಾಗಿ ಕೇಳಿದರು. "ಕೀಲಿಕೈ ಎಲ್ಲೈತಿ?"

"ನನ್ನ ಕಿಸೆದಾಗ ಐತ್ರಿ."

"ಅಲ್ಲೇ ಇರಲಿ" ಎಂದರು ಸಾವಕಾರರು. "ನೀ ಗುಂಡಿಯಾಗ ಇದ್ದಾಗ ನಾ ಬೇಡಿದ್ರೂ ನನಗ ಕೊಡಬ್ಯಾಡ."

ಇಷ್ಟು ಹೇಳಿ ಎದ್ದು ಹೋಗಲಿಲ್ಲ ಅವರು. ಸತ್ತೆಪ್ಪ ಕೆಲಸ ಮುಗಿಸಿ ಮೇಲೆ ಬರುವವರೆಗೆ ಅಂಗಡಿ, ಧಾರಣಿ ಎಲ್ಲ ಬಿಟ್ಟು ಅಲ್ಲೇ ಕೂತಿದ್ದರು. ಅವನು ಏರುವಾಗ ಕೈ ಕೊಟ್ಟರು. ಎಣ್ಣೆ ಹತ್ತಿದ ಕೈ ಅದು. ಗಟ್ಟಿಯಾಗಿ ಹಿಡಿದು ಎಳೆದುಕೊಂಡರು.

ಇದನ್ನು ಓದುತ್ತಿರುವ ಅಣ್ಣಂದಿರೇ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಲಿಫ್ಟು ಇಲ್ಲದಿರಬಹುದು. ಬಾವಿಯ ಮೋಟಾರು ಇದೆಯಲ್ಲ? ಹಿಟ್ಟಿನ ಗಿರಣಿ, ಕಬ್ಬಿನ ಗಾಣ, ಮೇವು ಕತ್ತರಿಸುವ ಯಂತ್ರ ಇವೆಯಲ್ಲ? ಅವುಗಳಲ್ಲಿ ಯಾರಾದರೂ ಕೈ ಹಾಕಿದಾಗ, ಒಳಗೆ ಇಳಿದಾಗ, ಸ್ವಿಚ್ಚಿನ ಬಳಿ ಇರುವವರು ಮರೆಯುವುದಿಲ್ಲ ಎಂದು ದಯವಿಟ್ಟು ನಂಬಬೇಡಿ. ಯಲ್ಲಕ್ಕ ಒಳ್ಳೆಯವಳು, ಮರೆತಳು. ಸಾವಕಾರರು ಒಳ್ಳೆಯವರು, ಅವರೂ ಮರೆತರು. ಕರೆಂಟು ತೆಗೆಯಿರಿ, ಸ್ವಿಚ್ಚಿಗೆ ಕೀಲಿ ಹಾಕಿ, ಯಂತ್ರ ಕದಲುವುದಿಲ್ಲವೆಂದು ಒಮ್ಮೆ ನೋಡಿ. ಒಳಗೆ ಇಳಿಯುವವನು ಯಾವ ಊರಿನವನಿರಲಿ, ಯಾವ ಕೇರಿಯವನಿರಲಿ, ಕೀಲಿಕೈ ಅವನ ಕಿಸೆಯಲ್ಲೇ ಇರಲಿ. ಅವನು ಹೊರಗೆ ಬಂದು ತಾನೇ ತೆಗೆಯುವವರೆಗೆ ಯಾರೂ ಕೇಳಬೇಡಿ.

ಕೀಲಿ ಇಲ್ಲವೆಂದರೆ ಇಂದೇ ಪೇಟೆಗೆ ಹೋಗಿ ತನ್ನಿ. ಅಲ್ಲಿಯವರೆಗೆ ಯಾರನ್ನೂ ಒಳಗೆ ಇಳಿಸಬೇಡಿ.